ಯಾರೂ ಒತ್ತದ ಬ್ರೇಕು

ಟಿಣ್ ಎಂದು ಒಂದು ಸ್ಕ್ರೂ ಸಿಮೆಂಟಿನ ನೆಲಕ್ಕೆ ಬಿತ್ತು. ಎರಡು ಸಲ ಪುಟಿದು, ಉರುಳಿಕೊಂಡು ಹೋಗಿ, ಕಬ್ಬಿಣದ ಕಪಾಟಿನ ಕೆಳಗೆಲ್ಲೋ ಸುಮ್ಮನಾಯಿತು.

ಆ ಗ್ಯಾರೇಜಿನಲ್ಲಿ ಸದ್ದಿಗೇನೂ ಬರವಿರಲಿಲ್ಲ. ಗಾಳಿ ತುಂಬುವ ಯಂತ್ರದ ಗೊರಕೆ, ಗಾಲಿಯ ನಟ್ಟು ಬಿಚ್ಚುವ ಗನ್ನಿನ ಕರಕರ, ತಗಡಿನ ಮೇಲೆ ಸುತ್ತಿಗೆ. ಇಷ್ಟರ ನಡುವೆ ಒಂದು ಸ್ಕ್ರೂ ಬಿದ್ದದ್ದು ಯಾರಿಗೂ ಕೇಳಿಸಬೇಕಾಗಿರಲಿಲ್ಲ. ಆದರೂ ಕೇಳಿಸಿತು. ಅದು ಬಿದ್ದದ್ದು ಬಲಗಡೆಯ ಮೂಲೆಯಲ್ಲಿ, ವೈರಣ್ಣನ ಜಾಗದಲ್ಲಿ. ಆ ಬೆಳಗಿನವರೆಗೆ ಇಪ್ಪತ್ತೊಂಬತ್ತು ವರ್ಷ ಆ ಮೂಲೆಯಿಂದ ಏನೂ ಕೆಳಗೆ ಬಿದ್ದ ಸದ್ದು ಬಂದಿರಲಿಲ್ಲ.

"ಬೆಳಗ್ಗೆಯಿಂದ ಮೂರನೇದು," ಎಂದರು ಬಾವ, ಪಕ್ಕದ ಕಾರಿನ ಎಂಜಿನ್ನಿನೊಳಗಿಂದ ತಲೆ ಎತ್ತದೆ. "ಏನಪ್ಪಾ, ಬಿತ್ತನೆ ಶುರು ಮಾಡಿದ್ದೀಯಾ? ಮುಂದಿನ ತಿಂಗಳು ಸ್ಕ್ರೂ ಗಿಡ ಬರುತ್ತಾ?"

"ನೀವು ನೀರು ಹಾಕ್ತಾ ಇರಿ ಬಾವ, ಬರುತ್ತೆ," ಎಂದ ವೈರಣ್ಣ. ಮಂಡಿಯೂರಿ ಕಪಾಟಿನ ಕೆಳಗೆ ಕೈ ಹಾಕಿದ. ಕೈಗೆ ಏನೋ ತಗುಲಿತು. ಅದು ಸ್ಕ್ರೂ ಹೌದೋ ಕಲ್ಲಿನ ಚೂರೋ ಎಂದು ಹೊರಗೆ ತೆಗೆದು ನೋಡುವವರೆಗೂ ಅವನಿಗೆ ಗೊತ್ತಾಗಲಿಲ್ಲ.

ಗ್ಯಾರೇಜು ಬಾವನದು, ಅಂದರೆ ಅವನ ಅಕ್ಕನ ಗಂಡನದು. ಎಂಜಿನ್ನು, ಗೇರು, ಎಣ್ಣೆ ಇವೆಲ್ಲ ಬಾವನ ಪಾಲು. ದೀಪ, ಹಾರನ್ನು, ವೈರು, ಗುಂಡಿ ಇವೆಲ್ಲ ವೈರಣ್ಣನ ಪಾಲು. ಆ ಹೆಸರು ಯಾರಿಟ್ಟದ್ದೋ ಯಾರಿಗೂ ನೆನಪಿಲ್ಲ. ಅವನ ನಿಜವಾದ ಹೆಸರು ಬ್ಯಾಂಕಿನವರಿಗೆ ಮತ್ತು ಡಾಕ್ಟರಿಗೆ ಮಾತ್ರ ಗೊತ್ತು. ಸಿಟ್ಟು ಬಂದ ದಿನ ಹೆಂಡತಿಯೂ ವೈರಣ್ಣ ಎಂದೇ ಕರೆಯುತ್ತಾಳೆ.

ಡಾಕ್ಟರಿಗೆ ಅವನ ಹೆಸರು ಗೊತ್ತಾಗಿ ಎಂಟು ತಿಂಗಳಾಗಿತ್ತು. ಮೊದಲು ಬಲಗೈ ಹೆಬ್ಬೆರಳಿನ ತುದಿ ಜೋಮು ಹಿಡಿದಂತಾಯಿತು. ಮಲಗಿದಾಗ ಕೈ ಅಡಿಗೆ ಸಿಕ್ಕಿರಬೇಕು ಅಂದುಕೊಂಡ. ಜೋಮು ಬಿಡಲಿಲ್ಲ. ಆಮೇಲೆ ತೋರುಬೆರಳು, ಆಮೇಲೆ ನಡುಬೆರಳು. ಸಕ್ಕರೆ ಕಾಯಿಲೆ ನರಗಳನ್ನು ತಿಂದುಕೊಂಡು ಹೋಗಿದೆ ಎಂದರು ಡಾಕ್ಟರು. "ಇರೋದನ್ನ ಉಳಿಸಿಕೊಳ್ಳೋಣ. ಹೋಗಿರೋದು ವಾಪಸು ಬರೋದು ಕಷ್ಟ. ಏನು ಕೆಲಸ ಮಾಡ್ತೀರಿ?"

"ಕಾರಿನ ವೈರಿಂಗು."

ಡಾಕ್ಟರು ಪೆನ್ನಿಗೆ ಮುಚ್ಚಳ ಹಾಕಿ, ಅದನ್ನು ಮೇಜಿನ ಮೇಲೆ ಬಹಳ ನಿಧಾನವಾಗಿ ಇಟ್ಟರು.

ಈ ವಿಷಯ ಗೊತ್ತಿದ್ದದ್ದು ಹೆಂಡತಿಗೆ ಮಾತ್ರ. ಬಾವನಿಗೆ ಹೇಳಿದರೆ ಮಾರನೇ ದಿನವೇ ಆ ಮೂಲೆ ಬೇರೆಯವರದಾಗುತ್ತದೆ ಎಂಬುದು ವೈರಣ್ಣನಿಗೆ ತಿಳಿದಿತ್ತು. ಬಾವ ಕೆಟ್ಟವರೇನಲ್ಲ, ಊಟಕ್ಕೇನೂ ಕಡಿಮೆ ಮಾಡುವವರಲ್ಲ. ಆದರೆ ಕೈ ಹೋದ ಮೇಲೆ ಉಳಿಯುವ ಮನುಷ್ಯ ಯಾರು ಎಂಬುದೇ ವೈರಣ್ಣನಿಗೆ ಅರ್ಥವಾಗುತ್ತಿರಲಿಲ್ಲ. ಹದಿನೇಳನೇ ವಯಸ್ಸಿನಿಂದ ಅವನು ತನ್ನನ್ನು ತಾನು ಕಂಡದ್ದೆಲ್ಲ ಈ ಬೆರಳುಗಳ ಮೂಲಕವೇ. ಅವನಿಗೆ ಕೆಲಸ ಕಲಿಸಿದ ಮುದುಕ ಮೇಸ್ತ್ರಿಗೆ ಕಣ್ಣು ಮಂದವಾಗಿತ್ತು. ಡ್ಯಾಶ್‌ಬೋರ್ಡಿನ ಹಿಂದಿನ ಕತ್ತಲೆಗೆ ಕೈ ಹಾಕಿ, ಮುಖ ಬೇರೆ ಕಡೆ ತಿರುಗಿಸಿ, ಯಾರೊಡನೆಯೋ ಮಾತಾಡುತ್ತಲೇ ತಂತಿ ಜೋಡಿಸುತ್ತಿದ್ದ. "ನೋಡಬೇಡ, ನೋಡಿದರೆ ಕಣ್ಣು ಮೂಗು ತೂರಿಸುತ್ತೆ," ಎನ್ನುತ್ತಿದ್ದ. "ಹೆಬ್ಬೆರಳನ್ನ ಕೇಳು."

ಬ್ರೇಕಿನ ಸ್ವಿಚ್ಚನ್ನು ಕೂರಿಸುವುದನ್ನು ವೈರಣ್ಣ ಕಲಿತದ್ದು ಹಾಗೆಯೇ. ಬ್ರೇಕ್ ಪೆಡಲ್ಲಿನ ತೋಳಿನ ಹಿಂದೆ ಕಿರುಬೆರಳಿನಷ್ಟು ದಪ್ಪದ ಒಂದು ಸ್ವಿಚ್ಚು ಇರುತ್ತದೆ. ಅದರ ತುದಿಯಲ್ಲಿ ಒಳಗೆ ಹೊರಗೆ ಆಡುವ ಒಂದು ಮೊಳೆ. ಪೆಡಲ್ ಮೇಲಿದ್ದಾಗ ಮೊಳೆ ಒಳಗೆ ಅದುಮಿರುತ್ತದೆ, ಪೆಡಲ್ ಒತ್ತಿದರೆ ಹೊರಗೆ ಬರುತ್ತದೆ, ಹಿಂದಿನ ಕೆಂಪು ದೀಪ ಹತ್ತುತ್ತದೆ. ಆ ಸ್ವಿಚ್ಚನ್ನು ಎಷ್ಟು ದೂರ ತಿರುಗಿಸಿ ನಿಲ್ಲಿಸಬೇಕು ಎಂಬುದೇ ಕೆಲಸ. ಬೇರೆಯವರು ಅದಕ್ಕೆ ಸಂದಿ ಅಳೆಯುವ ಗೇಜು ಹಿಡಿಯುತ್ತಾರೆ. ವೈರಣ್ಣ ಹೆಬ್ಬೆರಳನ್ನು ಮೊಳೆಯ ಪಕ್ಕಕ್ಕೆ ಒತ್ತಿ ಹಿಡಿದು, ಒಳಗಿನ ಸ್ಪ್ರಿಂಗು ಕೂದಲಿನಷ್ಟು ಮಿಡಿದ ಕಡೆ ನಿಲ್ಲಿಸಿ, ನಟ್ಟು ಬಿಗಿಯುತ್ತಿದ್ದ. ಅರ್ಧ ನಿಮಿಷದ ಕೆಲಸ. ಗೇಜು ಅವನ ಪೆಟ್ಟಿಗೆಯಲ್ಲಿ ಎಣ್ಣೆ ಕಾಗದ ಬಿಚ್ಚದೆ ಮಲಗಿತ್ತು.

ಸ್ಕ್ರೂ ಬಿದ್ದದ್ದು ಗುರುವಾರ. ಬಿದ್ದದ್ದು ಟೀಚರಮ್ಮನ ಕಾರಿನ ಸ್ಟೀರಿಂಗ್ ಕವರಿನಿಂದ. ಟೀಚರಮ್ಮ ಅದನ್ನು ತಂದು ಬಿಟ್ಟದ್ದು ಮಂಗಳವಾರ.

ಅವರು ಇಪ್ಪತ್ತೈದು ವರ್ಷ ಗಣಿತ ಹೇಳಿಕೊಟ್ಟು ನಿವೃತ್ತರಾದವರು. ಎರಡು ತಿಂಗಳ ಹಿಂದೆ ಬಲಮಂಡಿಯ ಆಪರೇಷನ್ ಆಗಿತ್ತು. ಕೋಲೂರಿ ಬಂದು, ವೈರಣ್ಣನ ಸ್ಟೂಲಿನ ಮೇಲೆ ಕೂತು, ಉಸಿರು ತೆಗೆದುಕೊಂಡು ಹೇಳಿದರು, "ಕ್ರೂಸ್ ಕಂಟ್ರೋಲ್ ಆನ್ ಆಗ್ತಿಲ್ಲ, ವೈರಣ್ಣ ಅವರೇ. ಕಾಲು ತೆಗೆದರೂ ಕಾರು ಅದೇ ವೇಗದಲ್ಲಿ ಹೋಗುತ್ತಲ್ಲ, ಅದು."

"ಗುಂಡಿ ಒತ್ತಿದಾಗ ಮೀಟರಿನಲ್ಲಿ ಹಸಿರು ದೀಪ ಬರುತ್ತಾ?"

"ಏನೂ ಬರಲ್ಲ. ನಾನೂ ಒತ್ತಿದೆ, ಪಕ್ಕದ ಮನೆಯವರೂ ಒತ್ತಿದರು. ನನಗಿಂತ ಜೋರಾಗಿ ಒತ್ತಿದರು, ಗಂಡಸರಲ್ವಾ."

ವೈರಣ್ಣ ನಕ್ಕ. "ಅದಿಲ್ಲದೇನೂ ಕಾರು ಓಡುತ್ತೆ ಟೀಚರ್. ಎಷ್ಟೋ ಜನ ಅದನ್ನ ಮುಟ್ಟೋದೇ ಇಲ್ಲ."

"ಅವರ ಕಾಲು ಚೆನ್ನಾಗಿರುತ್ತೆ." ಟೀಚರಮ್ಮ ಮಂಡಿಯ ಮೇಲೆ ಅಂಗೈ ಇಟ್ಟರು. "ಯಜಮಾನರು ಇರೋ ಆರೈಕೆ ಮನೆಗೆ ಒಂದೂವರೆ ಗಂಟೆ ದಾರಿ. ಪೂರ್ತಿ ದೊಡ್ಡ ರಸ್ತೆ. ಆಕ್ಸಿಲರೇಟರ್ ಮೇಲೆ ಹತ್ತು ನಿಮಿಷ ಕಾಲಿಟ್ಟರೆ ಮರಗಟ್ಟುತ್ತೆ, ಆಮೇಲೆ ಅದು ನನ್ನ ಕಾಲೋ ಮರದ ಕಾಲೋ ಗೊತ್ತಾಗಲ್ಲ. ಹೋದ ಶನಿವಾರ ಅರ್ಧ ದಾರಿಯಿಂದ ವಾಪಸು ಬಂದೆ. ಶನಿವಾರ ಅವರಿಗೆ ಮಾತು ಕಲಿಸೋ ದಿನ. ಪಾರ್ಶ್ವವಾಯು ಆದಮೇಲೆ ಎಲ್ಲಾ ಮೊದಲಿಂದ ಕಲೀಬೇಕು. ನಾನಿಲ್ಲದಿದ್ದರೆ ಬಾಯೇ ಬಿಡಲ್ವಂತೆ. ಆ ನರ್ಸ್ ಎದುರಿಗೆ ನಾಚಿಕೆ."

"ಶನಿವಾರದೊಳಗೆ ಆಗುತ್ತೆ," ಎಂದ ವೈರಣ್ಣ. ಮಾತು ಬಾಯಿಂದ ಹೊರಟ ಮೇಲೆ, ಅದು ಮೊದಲಿನಷ್ಟು ತೂಕವಿಲ್ಲದ ಮಾತು ಎಂದು ಅವನಿಗೇ ಅನಿಸಿತು.

ಮಂಗಳವಾರ ಫ್ಯೂಸುಗಳನ್ನು ನೋಡಿದ. ಎಲ್ಲ ಸರಿಯಿದ್ದವು. ಗ್ಯಾರೇಜಿನ ಹಳೇ ಸ್ಕ್ಯಾನರನ್ನು ಕಾರಿಗೆ ಚುಚ್ಚಿದ. ಅದಕ್ಕೆ ಹೊಸ ಕಾರುಗಳ ಒಳಗುಟ್ಟು ಪೂರ್ತಿ ತಿಳಿಯದು. ಎರಡು ಸಲ ಮಿನುಗಿ, ದೋಷವಿಲ್ಲ ಎಂದಷ್ಟೇ ಹೇಳಿ ಸುಮ್ಮನಾಯಿತು. ಬುಧವಾರ ಗಾಲಿಯ ವೇಗ ಅಳೆಯುವ ಸೆನ್ಸರುಗಳನ್ನು ಒರೆಸಿ ನೋಡಿದ, ಕ್ಲಚ್ಚಿನ ಸ್ವಿಚ್ಚು ನೋಡಿದ. ಗುರುವಾರ ಸ್ಟೀರಿಂಗ್ ಬಿಚ್ಚಿ, ಗುಂಡಿಯಿಂದ ಕೆಳಗೆ ಹೋಗುವ ಸುರುಳಿ ಪಟ್ಟಿಯನ್ನು ಮೀಟರಿಟ್ಟು ಅಳೆದ. ಮೊದಲಾಗಿದ್ದರೆ ಎರಡು ತಾಸಿನ ಕೆಲಸ. ಈಗ ಪ್ರತಿ ಸ್ಕ್ರೂಗೂ ಕಣ್ಣು ಬೇಕು, ಪ್ರತಿ ಕೊಂಡಿಯನ್ನೂ ಹಾಕಿದ ಮೇಲೆ ಎಳೆದು ನೋಡಬೇಕು. ಸುರುಳಿ ಪಟ್ಟಿಯೂ ಸರಿಯಿತ್ತು. ಎಲ್ಲವೂ ಸರಿಯಿತ್ತು. ಹಸಿರು ದೀಪ ಮಾತ್ರ ಬರಲೊಲ್ಲದು.

"ಬ್ರೇಕ್ ಸ್ವಿಚ್ ನೋಡಿದ್ಯಾ?" ಎಂದು ಬಾವ ಕೇಳಿದರು. ಬ್ರೇಕು ಒತ್ತಿದರೆ ಕ್ರೂಸ್ ಕಂಟ್ರೋಲ್ ಬಿಟ್ಟುಕೊಳ್ಳಬೇಕು. ಆ ಸುದ್ದಿ ಮುಟ್ಟಿಸುವುದೂ ಅದೇ ಸ್ವಿಚ್ಚು.

"ಅದು ಎರಡು ತಿಂಗಳ ಹಿಂದೆ ನಾನೇ ಹೊಸದು ಹಾಕಿದ್ದು ಬಾವ. ದೀಪ ಸರಿಯಾಗಿ ಹತ್ತುತ್ತೆ, ಸರಿಯಾಗಿ ಆರುತ್ತೆ. ನೋಡಿದೆ."

"ಸರಿ ಬಿಡು. ನಿನ್ನ ಕೈ ಮುಟ್ಟಿದ ಮೇಲೆ ನಾನ್ಯಾಕೆ ಕೇಳಲಿ."

ಸಂಜೆ ಟೀಚರಮ್ಮ ಬಂದು ಅದೇ ಸ್ಟೂಲಿನ ಮೇಲೆ ಕೂತರು. ಬಿಚ್ಚಿ ಹರಡಿದ ಸ್ಟೀರಿಂಗ್ ಕವರು, ಸ್ಕ್ರೂ, ವಾಷರುಗಳನ್ನು ನೋಡಿದರು. ಬೈಯಲಿಲ್ಲ. "ಲೆಕ್ಕದ ಉತ್ತರ ಬರಲಿಲ್ಲ ಅಂತ ಮಕ್ಕಳು ಅಳ್ತಾ ಬಂದರೆ ನಾನೇನು ಹೇಳ್ತಿದ್ದೆ ಗೊತ್ತಾ? ಎಲ್ಲಿ ಅನುಮಾನ ಇದೆಯೋ ಅಲ್ಲಿ ಬೇಡ, ಎಲ್ಲಿ ಅನುಮಾನವೇ ಇಲ್ಲವೋ ಆ ಸಾಲು ಮೊದಲು ನೋಡು ಅಂತ."

"ಎಲ್ಲಾ ಸಾಲೂ ನೋಡಾಯ್ತು ಟೀಚರ್."

"ಹಾಗಂತ ಅವರೂ ಹೇಳೋರು," ಎಂದು ಕೋಲು ಹಿಡಿದು ಎದ್ದರು.

ವೈರಣ್ಣ ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಎರಡು ಕೋಣೆಯ ಮನೆ. ಹೆಂಡತಿ ಕಿಟಕಿಯ ಪಕ್ಕದ ಹೊಲಿಗೆ ಯಂತ್ರದಲ್ಲಿ ಯಾರದೋ ಪರದೆಯ ಅಂಚು ಹೊಲಿಯುತ್ತಿದ್ದಳು. ಒಲೆಯ ಮೇಲೆ ಹಾಲು ಕುದಿಯುತ್ತಿತ್ತು. ಅವನೇ ಇಳಿಸಿ, ಸ್ಟೀಲಿನ ಲೋಟಕ್ಕೆ ಬಗ್ಗಿಸಿಕೊಂಡು, ಕುರ್ಚಿಯಲ್ಲಿ ಕೂತ. ಮಂಗಳವಾರದಿಂದ ಆದದ್ದನ್ನೆಲ್ಲ ಹೇಳತೊಡಗಿದ. ಫ್ಯೂಸು, ಸೆನ್ಸರು, ಸುರುಳಿ. ಹೆಂಡತಿ ಹೊಲಿಯುತ್ತಲೇ ಹೂಂ ಎನ್ನುತ್ತಿದ್ದವಳು ಒಮ್ಮೆಲೇ ಯಂತ್ರ ನಿಲ್ಲಿಸಿದಳು.

"ಲೋಟ ಕೆಳಗಿಡಿ."

"ಯಾಕೆ?"

"ಕೆಳಗಿಡಿ ಅಂದೆ."

ಇಟ್ಟ. ಅವಳು ಎದ್ದು ಬಂದು ಅವನ ಕೈ ಹಿಡಿದು ತಿರುಗಿಸಿದಳು. ಹೆಬ್ಬೆರಳಿನ ತುದಿ ಕೆಂಪಗೆ ಬೆಂದು, ನಡುವೆ ಬಿಳಿಯ ಬೊಬ್ಬೆ ಏಳುತ್ತಿತ್ತು. ಕುದಿಯುವ ಹಾಲಿನ ಲೋಟವನ್ನು ಅವನು ಅಷ್ಟು ಹೊತ್ತು ಹಿಡಿದು ಕೂತಿದ್ದ.

ತಣ್ಣೀರಿನ ಬಟ್ಟಲಲ್ಲಿ ಅವನ ಬೆರಳು ಅದ್ದಿ ಹಿಡಿದುಕೊಂಡು ಅವಳು ಮೆಲ್ಲಗೆ ಹೇಳಿದಳು, "ಬಾವನಿಗೆ ಹೇಳಿಬಿಡಿ."

"ಹೇಳಿ? ಹೇಳಿ ಏನು ಮಾಡಲಿ? ನಿನ್ನ ಪರದೆಗೆ ಗುಂಡಿ ಹೊಲೀಲಾ?"

"ಪರದೆಗೆ ಗುಂಡಿ ಇರಲ್ಲ."

"ನೋಡು, ಅದೂ ಗೊತ್ತಿಲ್ಲ ನನಗೆ."

ಅವಳಿಗೆ ನಗು ಬಂತು, ಆ ನಗುವಿನ ಹಿಂದೆಯೇ ಕಣ್ಣು ತುಂಬಿತು. ಅವನು ಬಟ್ಟಲಿನ ನೀರನ್ನೇ ನೋಡುತ್ತಿದ್ದ. ನೀರೊಳಗೆ ಬೆರಳು ದೊಡ್ಡದಾಗಿ, ಯಾರದೋ ಬೆರಳಿನ ಹಾಗೆ ಕಾಣುತ್ತಿತ್ತು. ನೀರು ತಣ್ಣಗಿದೆ ಎಂದು ಅವಳು ಹೇಳಿದ್ದರಿಂದ ಅದು ತಣ್ಣಗಿತ್ತು.

ಶುಕ್ರವಾರ ಬೆಳಗ್ಗೆ ಬಾವ ಬಿಡಿಭಾಗಗಳ ಅಂಗಡಿಯವನಿಂದ ಹೊಸ ಸ್ಕ್ಯಾನರ್ ಕೇಳಿ ತಂದರು. "ಮಧ್ಯಾಹ್ನದೊಳಗೆ ವಾಪಸು ಕೊಡಬೇಕು, ಹೆಂಡತಿನ ತವರಿಗೆ ಕಳಿಸೋ ಹಾಗೆ ಕಳಿಸಿದ್ದಾನೆ," ಎಂದು ನಕ್ಕು, ತಾವೇ ಅದನ್ನು ಕಾರಿಗೆ ಚುಚ್ಚಿದರು. ಉದ್ದದ ತಂತಿ. ಇಬ್ಬರೂ ಕಾರಿನ ಹೊರಗೆ, ತೆರೆದ ಬಾಗಿಲ ಪಕ್ಕ ನಿಂತು ಅದರ ಪರದೆ ನೋಡಿದರು. ಆ ಸ್ಕ್ಯಾನರಿಗೆ ಕಾರಿನ ಗುಟ್ಟೆಲ್ಲ ತಿಳಿಯುತ್ತಿತ್ತು. ಸಾಲು ಸಾಲಾಗಿ ಹೇಳಿತು. ಬಾಗಿಲು ತೆರೆದಿದೆ. ವೇಗ ಸೊನ್ನೆ. ಕ್ಲಚ್ ಬಿಟ್ಟಿದೆ. ಬ್ರೇಕ್ ಒತ್ತಿದೆ.

"ಬ್ರೇಕ್ ಒತ್ತಿದೆಯಂತೆ," ಎಂದರು ಬಾವ.

ಇಬ್ಬರೂ ಕಾರಿನೊಳಗೆ ಬಗ್ಗಿ ನೋಡಿದರು. ಸೀಟು ಖಾಲಿ. ಪೆಡಲ್ ಮೇಲೆ ಯಾರ ಕಾಲೂ ಇರಲಿಲ್ಲ. ಕಿಟಕಿಯಿಂದ ಬಿದ್ದ ಬಿಸಿಲಿನಲ್ಲಿ ರಬ್ಬರಿನ ಗೆರೆಗಳು ಒಂದೊಂದೂ ಎಣಿಸುವ ಹಾಗೆ ಕಾಣುತ್ತಿದ್ದವು. ವೈರಣ್ಣ ಕಾರಿನ ಹಿಂದೆ ಹೋಗಿ ನೋಡಿದ. ಕೆಂಪು ದೀಪ ಆರಿತ್ತು.

ಅವನಿಗೆ ಆಗಲೇ ತಿಳಿಯಿತು. ಆ ಸ್ವಿಚ್ಚಿನೊಳಗೆ ಎರಡು ಕೊಂಡಿ. ಒಂದು ದೀಪಕ್ಕೆ, ಇನ್ನೊಂದು ಕ್ರೂಸ್ ಕಂಟ್ರೋಲಿಗೆ. ಎರಡನೆಯದು ಮೊದಲನೆಯದಕ್ಕಿಂತ ಕೂದಲಿನಷ್ಟು ಮುಂಚೆ ಬಿಟ್ಟುಕೊಳ್ಳುತ್ತದೆ. ಸ್ವಿಚ್ಚು ಆ ಕೂದಲಿನಷ್ಟು ಹಿಂದೆ ಕೂತಿದ್ದರೆ ದೀಪ ಸುಳ್ಳು ಹೇಳುವುದಿಲ್ಲ, ಆದರೆ ಕಾರಿನ ಪಾಲಿಗೆ ಯಾರೋ ಸದಾ ಬ್ರೇಕಿನ ಮೇಲೆ ಕಾಲಿಟ್ಟೇ ಇರುತ್ತಾರೆ.

ಕಾಲುಗಳನ್ನು ಹೊರಗೆ ಚಾಚಿ, ಬೆನ್ನ ಮೇಲೆ ಮಲಗಿ, ತಲೆಯನ್ನು ಪೆಡಲ್ಲಿನ ಕೆಳಗೆ ತೂರಿಸಿದ. ಬಾಯಲ್ಲಿ ಸಣ್ಣ ಟಾರ್ಚು. ಮುಟ್ಟುವ ಮೊದಲು ಒಂದೇ ಒಂದು ಆಸೆಯಿತ್ತು, ನಟ್ಟು ಸಡಿಲವಾಗಿರಲಿ ಎಂದು. ನಟ್ಟು ಸಡಿಲಾಗಿದ್ದರೆ ರಸ್ತೆಯ ಕುಲುಕಾಟದಿಂದ ಸ್ವಿಚ್ಚು ಜರುಗಿತು ಎನ್ನಬಹುದಿತ್ತು. ಸ್ಪ್ಯಾನರ್ ಹಾಕಿ ಒತ್ತಿದ. ನಟ್ಟು ಕಲ್ಲಿನಂತೆ ಬಿಗಿಯಿತ್ತು. ಅವನೇ ಬಿಗಿದದ್ದು, ಬಿಗಿದ ಹಾಗೆಯೇ ಇತ್ತು.

"ನನ್ನ ಪೆಟ್ಟಿಗೆಯಲ್ಲಿ ಗೇಜಿದೆ. ಕೊಡಿ ಬಾವ."

"ಗೇಜಾ?" ಎಂದರು ಬಾವ. ಆಮೇಲೆ ಏನೂ ಕೇಳದೆ ಹುಡುಕಿ, ಎಣ್ಣೆ ಕಾಗದ ಬಿಚ್ಚಿ ಕೊಟ್ಟರು. ಬೀಸಣಿಗೆಯಂತೆ ಬಿಚ್ಚಿಕೊಳ್ಳುವ ಉಕ್ಕಿನ ತೆಳು ಪಟ್ಟಿಗಳು. ಒಂದು ಪಟ್ಟಿ ಹೋಗಬೇಕಾದ ಸಂದಿಯಲ್ಲಿ ಮೂರು ಪಟ್ಟಿ ಸಲೀಸಾಗಿ ಹೋದವು. ವೈರಣ್ಣ ತೆಗೆದು ಮತ್ತೊಮ್ಮೆ ಹಾಕಿ ನೋಡಿದ. ನಂತರ ನಟ್ಟು ಸಡಿಲಿಸಿ, ಗೇಜು ಹಿಡಿದು, ಕಣ್ಣಿಟ್ಟು, ಅಳೆದು, ಬಿಗಿದ. ಬಾವ ಎಂಜಿನ್ ಚಾಲೂ ಮಾಡಿ ಗುಂಡಿ ಒತ್ತಿದರು.

"ಬಂತು ನೋಡು. ಹಸಿರು ದೀಪ ಬಂತು. ಏನಾಗಿತ್ತು, ನಟ್ಟು ಸಡಿಲಾಗಿತ್ತಾ?"

"ಹೂಂ," ಎಂದ ವೈರಣ್ಣ, ಪೆಡಲ್ಲಿನ ಕೆಳಗಿನಿಂದ. ಎದ್ದು ಬರಲು ಅವನಿಗೆ ಬಹಳ ಹೊತ್ತು ಬೇಕಾಯಿತು.

ಮಧ್ಯಾಹ್ನ ಟೀಚರಮ್ಮನನ್ನೇ ಸ್ಟೀರಿಂಗಿಗೆ ಕೂರಿಸಿ, ಪಕ್ಕದಲ್ಲಿ ತಾನು ಕೂತು ಊರ ಹೊರಗಿನ ದೊಡ್ಡ ರಸ್ತೆಗೆ ಹೋದ. ಅವರು ಗುಂಡಿ ಒತ್ತಿದರು. ಕಾರು ಆ ವೇಗವನ್ನು ಹಿಡಿದುಕೊಂಡಿತು. ಟೀಚರಮ್ಮ ಹೆದರಿಕೆಯಿಂದಲೇ ಎಂಬಂತೆ ಬಲಗಾಲನ್ನು ಎತ್ತಿ, ಹಿಂದಕ್ಕೆ ಎಳೆದು, ನೆಲದ ಮೇಲೆ ಮೆತ್ತಗೆ ಇಟ್ಟರು. ರಸ್ತೆಯ ಬದಿಯ ಕಂಬಗಳು ಒಂದೇ ಲಯದಲ್ಲಿ ಹಿಂದೆ ಸರಿದವು. 

"ನನಗೆ ಒಂದು ಕಾಲಿದೆ ಅನ್ನೋದೇ ಮರೆತುಹೋಗಿತ್ತು ಈಗ," ಎಂದರು ಟೀಚರಮ್ಮ. "ಏನಾಗಿತ್ತು ಇದಕ್ಕೆ?"

"ಸ್ವಿಚ್ಚು ಸ್ವಲ್ಪ ಜರುಗಿತ್ತು."

"ತಾನಾಗೇ ಜರುಗುತ್ತಾ?"

ವೈರಣ್ಣ ಕಿಟಕಿಯ ಕಡೆ ತಿರುಗಿದ. "ಕೆಲವು ಸಲ."

"ಇರಲಿ. ನಿಮ್ಮ ಕೈ ಇರೋವರೆಗೂ ನನಗೆ ಚಿಂತೆ ಇಲ್ಲ. ನಾಳೆ ಯಜಮಾನರಿಗೆ ನಿಮ್ಮ ಹೆಸರನ್ನೇ ಹೇಳಿಕೊಡ್ತೀನಿ. ಮೂರೇ ಅಕ್ಷರ, ಅವರ ಬಾಯಲ್ಲಿ ಬಂದರೂ ಬರಬಹುದು."

ಅವನಿಗೆ ಇಳಿದುಬಿಡೋಣ ಅನ್ನಿಸಿತು. ಕಾರು ಅದೇ ವೇಗದಲ್ಲಿ, ಯಾರ ಕಾಲೂ ಇಲ್ಲದೆ, ಹೋಗುತ್ತಲೇ ಇತ್ತು.

ವಾಪಸು ಬಂದವನು ಊಟಕ್ಕೆ ಕೂರಲಿಲ್ಲ. ಆಫೀಸು ಎಂದು ಕರೆಯುವ ಗಾಜಿನ ಗೂಡಿನಲ್ಲಿ, ಗೋಡೆಯ ಮೊಳೆಗೆ ಸಿಕ್ಕಿಸಿದ್ದ ಜಾಬ್ ಕಾರ್ಡುಗಳ ಕಟ್ಟನ್ನು ಇಳಿಸಿದ. ಯಾವ ಕಾರಿಗೆ ಯಾರು ಏನು ಮಾಡಿದರು ಎಂದು ಬರೆದಿಡುವ ಕಾರ್ಡುಗಳು. ಎಂಟು ತಿಂಗಳ ಹಿಂದಿನವರೆಗೆ ಒಂದೊಂದನ್ನೇ ಎಡಗೈಯಿಂದ ತಿರುವಿದ. ಬ್ರೇಕ್ ಸ್ವಿಚ್ಚು ಎಂದು ತನ್ನ ಅಕ್ಷರದಲ್ಲಿ ಬರೆದದ್ದನ್ನೆಲ್ಲ ಪಕ್ಕಕ್ಕೆ ಇಟ್ಟ. ಹದಿನಾಲ್ಕು ಬಂದವು.

ಒಂದು ಟೀಚರಮ್ಮನದು. ಇನ್ನೊಂದು ಎದುರು ಸಾಲಿನ ಬೇಕರಿಯವನ ವ್ಯಾನು. ಅದು ಯಾವಾಗಲೂ ಬೇಕರಿಯ ಮುಂದೆಯೇ ನಿಂತಿರುತ್ತದೆ. ವೈರಣ್ಣ ರಸ್ತೆ ದಾಟಿ ಹೋಗಿ ಬೇಕರಿಯವನನ್ನು ಹೊರಗೆ ಕರೆದ.

"ಒಂದು ನಿಮಿಷ ಒಳಗೆ ಕೂತು ಬ್ರೇಕು ಒತ್ತಿ. ನಿಧಾನಕ್ಕೆ."

"ಬಿಸಿ ಬ್ರೆಡ್ಡು ಬಿಟ್ಟು ಬ್ರೇಕು ಒತ್ತಬೇಕಾ," ಎಂದು ಗೊಣಗುತ್ತ ಅವನು ಕೂತ. ವೈರಣ್ಣ ವ್ಯಾನಿನ ಹಿಂದೆ ನಿಂತ.

"ಒತ್ತಿ."

"ಒತ್ತಿದ್ದೀನಿ."

ದೀಪ ಹತ್ತಲಿಲ್ಲ.

"ಇನ್ನೂ ಒತ್ತಿ."

"ಒತ್ತಿದ್ದೀನಿ ಕಣಣ್ಣ, ಅರ್ಧ ಕೆಳಗೆ ಹೋಗಿದೆ."

ಆಗ ಹತ್ತಿತು. ಇಲ್ಲಿ ಸ್ವಿಚ್ಚು ಹಿಂದೆ ಕೂತಿರಲಿಲ್ಲ, ಮುಂದೆ ಕೂತಿತ್ತು. ಮೊಳೆ ಆಳಕ್ಕೆ ಹೂತುಹೋಗಿತ್ತು. ಬ್ರೇಕು ಹಿಡಿದು ವ್ಯಾನು ನಿಧಾನಿಸಿ ಎಷ್ಟೋ ಹೊತ್ತಾದ ಮೇಲೆ ದೀಪ ಬರುತ್ತಿತ್ತು. ಹಿಂದೆ ಬರುವವರಿಗೆ ಆ ಮಧ್ಯದ ಕ್ಷಣದಲ್ಲಿ ಏನೂ ಕಾಣುತ್ತಿರಲಿಲ್ಲ.

ಬೇಕರಿಯವನು ಇಳಿದು ಬಂದು ಅಂಗೈ ಒರೆಸಿಕೊಂಡ. "ಅದಕ್ಕೇ ಇರಬೇಕು, ಹಿಂದಿನೋರು ಮೈಮೇಲೆ ಬಂದು ಹಾರನ್ ಹೊಡೀತಾರೆ. ಬ್ರೆಡ್ಡಿನ ವಾಸನೆಗೆ ಬರ್ತಾರೆ ಅಂದ್ಕೊಂಡಿದ್ದೆ."

ವೈರಣ್ಣನಿಗೆ ನಗಲಾಗಲಿಲ್ಲ. ಗೇಜು ತಂದು, ಆ ಸ್ವಿಚ್ಚನ್ನು ಸರಿಮಾಡಿ, ಕೈ ಒರೆಸಿಕೊಳ್ಳದೆ ರಸ್ತೆ ದಾಟಿದ. ಇನ್ನು ಹನ್ನೆರಡು. ಒಂದೊಂದರ ಬಣ್ಣವೂ ನೆನಪಿತ್ತು. ಔಷಧಿ ಅಂಗಡಿಯವರ ಬೂದಿ ಬಣ್ಣದ್ದು. ಹೊಸದಾಗಿ ಮದುವೆಯಾದ ಜೋಡಿಯ ಕೆಂಪು ಕಾರು, ಅದರ ಸೀಟಿನ ಪ್ಲಾಸ್ಟಿಕ್ಕು ಇನ್ನೂ ತೆಗೆದಿರಲಿಲ್ಲ. ಶವ ಸಾಗಿಸುವವನ ಉದ್ದ ವ್ಯಾನು. ಪ್ರತಿಯೊಂದರ ಕೆಳಗೂ ಅವನು ಮಲಗಿ, ಮುಖ ತಿರುಗಿಸಿ, ಸತ್ತ ಬೆರಳನ್ನು ಕೇಳಿದ್ದ. ಅದು ಏನೂ ಹೇಳದಿದ್ದಾಗ, ಹೇಳಿತು ಎಂದು ತಾನೇ ಅಂದುಕೊಂಡಿದ್ದ. ಅವೆಲ್ಲ ಈ ಹೊತ್ತಿನಲ್ಲಿ ಎಲ್ಲೆಲ್ಲೋ ಓಡುತ್ತಿದ್ದವು.

ಬಾವ ಗಾಜಿನ ಗೂಡಿನಲ್ಲಿ ಊಟದ ಡಬ್ಬಿ ತೊಳೆದಿಡುತ್ತಿದ್ದರು. ವೈರಣ್ಣ ಬಾಗಿಲಲ್ಲಿ ನಿಂತ.

"ನಟ್ಟು ಸಡಿಲಾಗಿರಲಿಲ್ಲ ಬಾವ."

"ಯಾವ ನಟ್ಟು?"

"ಟೀಚರಮ್ಮನ ಕಾರಿಂದು. ನಾನು ಕೂರಿಸಿದ್ದೇ ತಪ್ಪು." ಬಲಗೈ ಮುಂದೆ ಚಾಚಿದ. ಬೊಬ್ಬೆ ಒಡೆದು ಮಸಿ ಹತ್ತಿತ್ತು. "ಈ ಮೂರು ಬೆರಳಿಗೆ ಏನೂ ಗೊತ್ತಾಗಲ್ಲ. ಎಂಟು ತಿಂಗಳಾಯ್ತು. ಬೇಕರಿ ವ್ಯಾನಿಂದೂ ತಪ್ಪಿತ್ತು, ಈಗ ಸರಿಮಾಡಿ ಬಂದೆ. ಇನ್ನು ಹನ್ನೆರಡಿವೆ."

ಬಾವ ಡಬ್ಬಿಯನ್ನು ಕೆಳಗಿಟ್ಟರು. ಅವನ ಕೈ ಹಿಡಿದುಕೊಂಡು, ಬೆಳಕಿಗೆ ತಿರುಗಿಸಿ ಬಹಳ ಹೊತ್ತು ನೋಡಿದರು. ಅವರ ಹಿಡಿತ ಗಟ್ಟಿಯೋ ಮೆದುವೋ ವೈರಣ್ಣನಿಗೆ ತಿಳಿಯಲಿಲ್ಲ.

"ನನ್ನ ಹತ್ರ ಹೇಳಬಾರದಾಗಿತ್ತಾ?"

"ಹೇಳಬೇಕಾಗಿತ್ತು."

"ಮೂವತ್ತು ವರ್ಷ ಒಂದೇ ತಟ್ಟೇಲಿ ಉಂಡ ಹಾಗೆ ಇದ್ದೀವಿ."

"ಹನ್ನೆರಡು ಜನಕ್ಕೂ ಫೋನ್ ಮಾಡ್ತೀನಿ ಬಾವ."

ಬಾವ ಕೈ ಬಿಟ್ಟರು. ಕುರ್ಚಿ ಎಳೆದು ಕೂತರು. "ಏನಂತ ಮಾಡ್ತೀಯ? ನನ್ನ ಬೆರಳಿಗೆ ಜೀವ ಇಲ್ಲ, ನಿಮ್ಮ ಬ್ರೇಕು ನೋಡಿಕೊಳ್ಳಿ ಅಂತಾನಾ?"

"ಹಾಗೇ."

"ಬ್ರೇಕಿಗೇನಾಗಿದೆ? ಬ್ರೇಕು ಹಿಡಿಯುತ್ತೆ. ದೀಪ ಒಂದು ಚೂರು ಹಿಂದೆ ಮುಂದೆ, ಅಷ್ಟೇ ತಾನೆ? ಸರ್ವಿಸಿಗೆ ಅಂತ ಒಂದೊಂದಾಗಿ ಬರ್ತಾವೆ. ಬಂದಾಗ ಸದ್ದಿಲ್ಲದೆ ಗೇಜು ಹಿಡಿದು ಸರಿಮಾಡೋಣ. ನಾನೇ ಮಾಡ್ತೀನಿ. ನೀನು ಮುಟ್ಟಬೇಡ." ಕೊನೆಯ ಮಾತು ಹೇಳಿದ ಮೇಲೆ ಬಾವನಿಗೇ ಅದು ಕಿವಿಗೆ ಬಿತ್ತು. ಮೆತ್ತಗಾದರು. "ನೀನು ಇನ್ನು ಇಲ್ಲಿ ಕೂತ್ಕೋ. ಈ ಕುರ್ಚಿಯಲ್ಲಿ. ಬಂದವರ ಹತ್ರ ಮಾತಾಡು, ಕಾರ್ಡು ಬರಿ. ನಿನ್ನ ಮುಖ ಕಂಡರೆ ಸಾಕು ಜನಕ್ಕೆ. ಯಾಕೆ ಮಾಡ್ತಿಲ್ಲ ಅಂತ ಕೇಳಿದರೆ ವಯಸ್ಸಾಯ್ತು ಅನ್ನೋಣ. ಅದೇನು ಸುಳ್ಳಲ್ಲವಲ್ಲ."

ವೈರಣ್ಣ ಆ ಕುರ್ಚಿಯನ್ನು ನೋಡಿದ. ಮಣೆ ಸವೆದು ನಡುವೆ ತಗ್ಗಾಗಿತ್ತು. ಅದರಲ್ಲಿ ಕೂತು ತನ್ನ ಮೂಲೆಯನ್ನು ಗಾಜಿನಾಚೆಯಿಂದ ನೋಡುತ್ತ ಇನ್ನು ಎಷ್ಟು ವರ್ಷ ಎಂದು ಲೆಕ್ಕ ಹಾಕಲು ಹೋಗಿ ಬಿಟ್ಟುಬಿಟ್ಟ.

"ಅಲ್ಲೀವರೆಗೆ?" ಎಂದ.

"ಎಲ್ಲೀವರೆಗೆ?"

"ಅವೆಲ್ಲ ಸರ್ವಿಸಿಗೆ ಬರೋವರೆಗೆ."

"ಅಯ್ಯೋ, ಎಂಟು ತಿಂಗಳಿಂದ ಏನಾಗಿದೆ? ಏನೂ ಆಗಿಲ್ಲ. ಎಲ್ಲಾದರಲ್ಲೂ ತಪ್ಪಿರಬೇಕು ಅಂತ ಯಾರು ಹೇಳಿದ್ದು? ಎರಡರಲ್ಲಿ ತಪ್ಪಿತು, ಸರಿಯಾಯ್ತು. ಮಿಕ್ಕಿದ್ದೆಲ್ಲ ನೆಟ್ಟಗೇ ಇರಬಹುದು. ನಮ್ಮ ಮನೆ ಕಾರಿಗೂ ನೀನೇ ಅಲ್ವಾ ಹಾಕಿಕೊಟ್ಟಿದ್ದು, ಹೋದ ತಿಂಗಳು, ಭಾನುವಾರ ಬಂದು? ನಿಮ್ಮಕ್ಕ ದಿನಾ ಓಡಿಸ್ತಾಳೆ. ಒಂದು ದಿನ ಒಂದು ಮಾತು ಹೇಳಿದ್ದಾಳಾ?"

ವೈರಣ್ಣ ಪಕ್ಕಕ್ಕೆ ಇಟ್ಟಿದ್ದ ಕಾರ್ಡುಗಳ ಕಡೆ ನೋಡಿದ. ಭಾನುವಾರ, ಅಕ್ಕನ ಮನೆಯ ಅಂಗಳ. ಮನೆಯವರ ಕೆಲಸವೆಂದು ಕಾರ್ಡು ಬರೆದಿರಲಿಲ್ಲ. ಹದಿನಾಲ್ಕರಲ್ಲಿ ಅದು ಬಂದೇ ಇರಲಿಲ್ಲ.

"ಅಕ್ಕ ಎಲ್ಲಿದ್ದಾಳೆ ಈಗ?"

"ಈಗಾ?" ಬಾವ ಗೋಡೆಯ ಗಡಿಯಾರ ನೋಡಿದರು. "ಮೂರೂ ಕಾಲು. ಮೊಮ್ಮಕ್ಕಳನ್ನ ಕರ್ಕೊಂಡು ಬರೋಕೆ ಸ್ಕೂಲಿಗೆ ಹೊರಟಿರ್ತಾಳೆ. ಯಾಕೆ? ಫೋನ್ ಮಾಡಿದರೆ ಎತ್ತಲ್ಲ ಅವಳು, ಓಡಿಸುವಾಗ ಮುಟ್ಟೋದೇ ಇಲ್ಲ. ಕೂತ್ಕೋ ನೀನು, ಮೊದಲು ಆ ಬೆರಳಿಗೆ ಏನಾದರೂ ಹಚ್ಚೋಣ. ಸಂಜೆ ಮನೆಗೆ ಬಾ, ಅಲ್ಲೇ ನೋಡಿದರಾಯ್ತು. ಅವಳಿಗೆ ಮಾತ್ರ ಈಗಲೇ ಏನೂ ಹೇಳೋದು ಬೇಡ, ಸುಮ್ಮನೆ ಗಾಬರಿ ಬೀಳ್ತಾಳೆ. ನಾನೇ ನಿಧಾನಕ್ಕೆ, ಊಟ ಆದಮೇಲೆ, ಹೀಗೆ ಹೀಗೆ ಅಂತ..."

ವೈರಣ್ಣ ಆಗಲೇ ಗೇಟು ದಾಟಿದ್ದ. ಗೇಜನ್ನು ಎಡಗೈಯಲ್ಲಿ ಹಿಡಿದು, ಕಾರುಗಳು ಬರುವ ದಿಕ್ಕಿಗೆ ಎದುರಾಗಿ, ಸ್ಕೂಲಿನ ರಸ್ತೆಯ ಅಂಚಿನಲ್ಲಿ ನಡೆದ.